ಕೀಳಿಸಬೇಡ ಎಂದ ಹಲ್ಲು

ಕುರುಗೋಡಿನ ಉಚ್ಚೆಂಗೆಪ್ಪನ ತೋಳು ನೋಡಿ ಬೆರಗಾದವರುಂಟು, ತೊಡೆ ನೋಡಿ ಬೆರಗಾದವರುಂಟು. ಬಾಯಿಯೊಳಗೆ ಇಣುಕಿ ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ. ಯಾಕೆ ನೋಡುತ್ತಾರೆ ಹೇಳಿ? ಪೈಲ್ವಾನನೇನು ಹಲ್ಲು ಎಣಿಸಿ ಕೊಳ್ಳುವ ಎತ್ತೇ? ಆ ಬಾಯಿಯಲ್ಲಿ ದವಡೆಹಲ್ಲುಗಳು ಒಂದೊಂದಾಗಿ ಕರ್ರಗಾಗಿ ತೂತು ಬೀಳುತ್ತಿದ್ದವು.

ತಪ್ಪು ಗರಡಿಯದೇ. ಸಾಮು ಮುಗಿಸಿದವರಿಗೆ ಬಾದಾಮಿ ಅರೆದು ಬೆಲ್ಲ ಹಾಕಿ ಕುದಿಸಿದ ಹಾಲು ಚೊಂಬುಗಟ್ಟಲೆ ಸಿಗುತ್ತಿತ್ತು. ಕುಡಿದ ಮೇಲೆ ಬಾಯಿ ಮುಕ್ಕಳಿಸಬಾರದು ಎಂಬುದು ಅಲ್ಲಿನ ಕಟ್ಟಪ್ಪಣೆ. ಮುಕ್ಕಳಿಸಿದರೆ ಕಸುವೆಲ್ಲ ನೀರಿನ ಜೊತೆ ಹರಿದುಹೋಗುತ್ತದಂತೆ! ಹಾಗಾಗಿ ಬೆಲ್ಲದ ಅಂಟನ್ನು ಹಲ್ಲಿಗೆ ಮೆತ್ತಿಕೊಂಡೇ ಎಲ್ಲರೂ ಮಲಗುತ್ತಿದ್ದರು. ಕಲ್ಲುಗುಂಡು ಎತ್ತುವ ಆ ಗಂಡಸರಲ್ಲಿ ಹಲ್ಲುನೋವು ಎಂದು ಕೆನ್ನೆ ಹಿಡಿದುಕೊಂಡು ಕೂರದವನೇ ಇರಲಿಲ್ಲ.

ಗರಡಿ ತಿಪ್ಪೇರುದ್ರಪ್ಪನದು. ಮೀಸೆ ಬೆಳ್ಳಗಾದರೂ ಬೆನ್ನು ಬಾಗದ ಉಸ್ತಾದ. ಉಚ್ಚೆಂಗೆಪ್ಪ ಊರಾಚೆಯ ಕೇರಿಯವನು. ಹೆತ್ತವರು ಪ್ಲೇಗಿನಲ್ಲಿ ಹೋದಾಗ ಅವನಿನ್ನೂ ಮೊಣಕಾಲೆತ್ತರದ ಕೂಸು. ಅವನನ್ನು ಕೈಹಿಡಿದು ಕರೆತಂದು ಕೆಮ್ಮಣ್ಣಿಗೆ ಇಳಿಸಿದವನು ಇದೇ ತಿಪ್ಪೇರುದ್ರಪ್ಪ. ಊರ ಗೌಡರು ಗೊಣಗಿದಾಗ, "ನನ್ನ ಗರಡ್ಯಾಗ ಯಾರಾರ ಜಾತಿ ಕೇಳಿದ್ರ ಕಾಲು ಮುರೀತೀನಿ" ಎಂದು ಅಬ್ಬರಿಸಿದ್ದ. ಆ ಒಂದು ಮಾತಿಗೆ ಉಚ್ಚೆಂಗೆಪ್ಪ ಅವನಿಗೆ ಜೀವ ಕೊಡಲೂ ತಯಾರಿದ್ದ.

ಸ್ವಾತಂತ್ರ್ಯ ಬಂದ ಹೊಸತು. ಒಂದು ಸಂಜೆ ಉಸ್ತಾದ ಎಲ್ಲರೆದುರು ಹೇಳಿದ: "ನಂಗ ವಯಸ್ಸಾತು. ಯುಗಾದಿಗೆ ಬಳ್ಳಾರ್ಯಾಗ ಉಚ್ಚೆಂಗಿಗೂ ಕೊಟ್ರಬಸಪ್ಪಗೂ ಕುಸ್ತಿ ಇಡಸ್ತೀನಿ. ಗೆದ್ದವ ಈ ಗರಡಿಗೆ ಉಸ್ತಾದ." ಕೊಟ್ರಬಸಪ್ಪನೂ ಇದೇ ಮಣ್ಣಿನಲ್ಲಿ ಪಳಗಿ, ಮದುವೆಯಾದ ಮೇಲೆ ಸಿರುಗುಪ್ಪದಲ್ಲಿ ನೆಲೆಸಿದವನು. ಬಲವಂತನೇ, ಆದರೆ ಉಚ್ಚೆಂಗೆಪ್ಪನ ಮುಂದೆ ಒಂದು ಸಲವೂ ಗೆದ್ದು ನಿಂತವನಲ್ಲ. ಗರಡಿ ತನ್ನದೇ ಎಂದು ಉಚ್ಚೆಂಗೆಪ್ಪನ ಎದೆ ಕುಣಿಯಿತು. ಮನೆ ಎಂದು ಅವನಿಗೆ ಮೊದಲು ಸಿಕ್ಕ ಜಾಗ ಅದೊಂದೇ ಅಲ್ಲವೇ!

ಸಂಕ್ರಾಂತಿಯ ಹೊತ್ತಿಗೆ ಎಡದವಡೆಯ ಹಲ್ಲು ಎದ್ದು ಕೂತಿತು. ನೋವು ಎಂದರೆ ಅಂತಿಂಥದ್ದಲ್ಲ, ಕಿವಿಯಿಂದ ಹೆಗಲಿನ ತನಕ ಎಳೆಯುತ್ತಿತ್ತು. ಹೆಂಡತಿ ಹನುಮಮ್ಮ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಇಟ್ಟರೂ ಅರ್ಧಕ್ಕೇ ಕೈ ತೊಳೆಯುತ್ತಿದ್ದ.

"ನೆನೆಸಿದ ರೊಟ್ಟಿ ನುಂಗಾಕ ಆಗವಲ್ದು, ಕುಸ್ತಿ ಹ್ಯಾಂಗ ಹಿಡೀತೀರಿ?" ಎಂದು ಅವಳು ರೇಗಿದಳು. "ಬಳ್ಳಾರಿ ಕಂಟೋನ್ಮೆಂಟಿನ್ಯಾಗ ಹಲ್ಲಿನ ಡಾಕ್ಟರು ಅದಾರಂತ. ಕೀಳಿಸ್ಕೊಂಡು ಬರ್ರಿ."

ಅವನು ಉಸ್ತಾದನನ್ನು ಕೇಳಿದ. ಕೇಳದೆ ಅವನು ಮಗ್ಗುಲೂ ಬದಲಿಸುವವನಲ್ಲ. ತಿಪ್ಪೇರುದ್ರಪ್ಪ ಅವನ ಗದ್ದ ಹಿಡಿದು ಬಾಯಿ ಬಿಡಿಸಿ, ಆ ಹಲ್ಲನ್ನು ಬಹಳ ಹೊತ್ತು ನೋಡಿದ.

"ಕೀಳಿಸಬ್ಯಾಡ ಮಗನ. ದವಡಿಹಲ್ಲಿನ ಬೇರು ಕುತ್ತಿಗಿ ನರಕ್ಕ ಹತ್ತಿರ್ತೈತಿ. ಕಿತ್ತಿ ಅಂದ್ರ ಕುತ್ತಿಗಿ ಕಸುವು ಹೋತು, ಕಣ್ಣೂ ಮಬ್ಬಾಗ್ತಾವು. ಲವಂಗ ಇಟ್ಕೋ, ತಡಕೋ. ಗಂಡಸಲ್ಲೇನು?"

ತಡೆದುಕೊಂಡ. ಲವಂಗ ಇಟ್ಟ, ತಂಬಾಕು ಇಟ್ಟ, ಸುಟ್ಟ ಬೆಳ್ಳುಳ್ಳಿ ಇಟ್ಟ. ಕೆನ್ನೆ ಊದಿತು, ಮೈ ಇಳಿಯಿತು. ಹನುಮಮ್ಮ ಉಸ್ತಾದನ ಹೆಸರೆತ್ತಿ ಬೈದಾಗ, "ಅವರು ನನಗ ತಂದಿ ಇದ್ಹಾಂಗ, ಬಾಯಿ ಮುಚ್ಚು" ಎಂದು ಅವಳ ಮೇಲೇ ಹರಿಹಾಯ್ದ. ಪಾಪ, ಅವಳೇನು ತಪ್ಪು ಹೇಳಿದ್ದಳು!

ಯುಗಾದಿಯ ಕುಸ್ತಿಗೆ ಬಳ್ಳಾರಿಯ ಕೋಟೆಗುಡ್ಡದ ಕೆಳಗಿನ ಬಯಲು ತುಂಬಿಹೋಗಿತ್ತು. ಹಲಗೆ ಬಾರಿಸಿದರು, ಜೋಡಿ ಕೈ ಕೂಡಿಸಿತು. ಮೊದಲ ಪಟ್ಟಿನಲ್ಲೇ ಉಚ್ಚೆಂಗೆಪ್ಪ ಎದುರಾಳಿಯನ್ನು ಮೊಣಕಾಲಿಗೆ ತಂದ. ಜನ ಹೋ ಎಂದರು. ಆಮೇಲೆ ಕೊಟ್ರಬಸಪ್ಪ ಎದ್ದು ತಲೆಗೆ ತಲೆ ಕೊಟ್ಟ, ಮೊಣಕೈಯನ್ನು ಎಡದವಡೆಗೆ ಒತ್ತಿದ. ಬಿಡಿಸಿಕೊಂಡರೆ ಮತ್ತೆ ಅಲ್ಲಿಗೇ ಬಂದ. ಮತ್ತೂ ಅಲ್ಲಿಗೇ. ಉಚ್ಚೆಂಗೆಪ್ಪನ ಕಣ್ಣಿಗೆ ಕತ್ತಲು ಕವಿಯಿತು, ಕಾಲು ಎಲ್ಲಿದೆ ಎಂಬುದೇ ಮರೆಯಿತು. ಬೆನ್ನು ಮಣ್ಣಿಗೆ ತಾಗಿದಾಗ ಅವನಿಗೆ ಸೋಲಿನ ದುಃಖಕ್ಕಿಂತ ಮೊದಲು ಒತ್ತಡ ತಪ್ಪಿದ ಸುಖವೇ ತಿಳಿದದ್ದು. ಥೂ, ಎಂಥ ಗತಿ!

ತಿಪ್ಪೇರುದ್ರಪ್ಪ ಓಡಿಬಂದು ಅವನನ್ನು ತಬ್ಬಿಕೊಂಡು ಅತ್ತ. "ನಿನ್ನ ದೈವದಾಗ ಇದ್ದಿಲ್ಲ, ಬಿಡು ಮಗನ" ಎಂದ. ಸೋತವನೇ ಉಸ್ತಾದನ ಕಣ್ಣೊರೆಸಿ, ನಿಮ್ಮ ಹೆಸರು ಉಳಿಸಲಿಲ್ಲ ನಾನು ಎಂದು ಕ್ಷಮೆ ಕೇಳಿದ. ಗರಡಿ ಕೊಟ್ರಬಸಪ್ಪನ ಪಾಲಾಯಿತು.

ವಾರ ಕಳೆಯುವುದರೊಳಗೆ ಜ್ವರ ಏರಿ, ಬಾಯಿ ತೆರೆಯಲಾಗದಷ್ಟು ಮುಖ ಊದಿಕೊಂಡಿತು. ಹನುಮಮ್ಮ ಈ ಸಲ ಯಾರನ್ನೂ ಕೇಳಲಿಲ್ಲ. ಗಂಡನನ್ನು ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸಿಗೆ ಹತ್ತಿಸಿ ಕಂಟೋನ್ಮೆಂಟಿಗೆ ಎಳೆದೊಯ್ದಳು. ಯುದ್ಧಕಾಲದಲ್ಲಿ ಸಿಪಾಯಿಗಳ ಹಲ್ಲು ನೋಡಿ ಪಳಗಿದ ಡಾಕ್ಟರು ಕೀವು ತೆಗೆದು, ಸೂಜಿ ಚುಚ್ಚಿ, ಹಲ್ಲನ್ನು ಕಿತ್ತು ತಟ್ಟೆಗೆ ಹಾಕಿದರು. ಅವರ ಮನೆಮಾತು ತೆಲುಗಾದರೂ ಕನ್ನಡ ಚೆನ್ನಾಗಿ ಬರುತ್ತಿತ್ತು.

"ಪೈಲ್ವಾನ್ ಗಾರೂ, ಇಷ್ಟು ದಿನ ಏನು ಮಾಡ್ತಿದ್ರಿ? ಜೀವಕ್ಕೇ ಬರ್ತಿತ್ತು. ನಿಮ್ಮ ಗರಡಿಯವರದು ಎಲ್ಲಾ ಇದೇ ಕತೆ. ದೀಪಾವಳಿ ಆದ್ಮೇಲೆ ಸಿರುಗುಪ್ಪದ ಕೊಟ್ರಬಸಪ್ಪಗೂ ಎರಡು ಹಲ್ಲು ತೆಗೆದೆ."

ಉಚ್ಚೆಂಗೆಪ್ಪ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ತಿರುಗಿ ನೋಡಿದ.

"ನಿಮ್ಮ ಉಸ್ತಾದ್ ತಿಪ್ಪೇರುದ್ರಪ್ಪನವರೇ ಕರ್ಕೊಂಡು ಬಂದಿದ್ರಲ್ಲ! ಪಕ್ಕದಾಗ ನಿಂತು ಅವನ ತಲೆ ಹಿಡ್ಕೊಂಡಿದ್ದು ಅವರೇ. ಕಿತ್ತರೆ ಕಸುವು ಹೋಗುತ್ತಾ ಅಂತ ಕೇಳಿದ್ರು. ಹೋಗಲ್ಲ, ಕೊಳೆತದ್ದು ಬಾಯಾಗಿದ್ರೆ ಹೋಗುತ್ತೆ ಅಂತ ಬಿಡಿಸಿ ಹೇಳಿದ್ದೆ. ನಿಮಗೆ ಅವರು ಹೇಳಲಿಲ್ವಾ?"

ಹನುಮಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಉಚ್ಚೆಂಗೆಪ್ಪ ಲೆಕ್ಕ ಹಾಕಿದ: ದೀಪಾವಳಿ ಮೊದಲು, ಸಂಕ್ರಾಂತಿ ಆಮೇಲೆ. ಮುದುಕನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ತನ್ನ ಗದ್ದ ಹಿಡಿದು, ಬಾಯೊಳಗೆ ನೋಡಿ, ಮಗನೇ ಎಂದು ಕರೆದು ಸುಳ್ಳು ಹೇಳಿದ್ದ. ಕೊಟ್ರಬಸಪ್ಪನ ಮೊಣಕೈಗೆ ಆ ದವಡೆಯ ದಾರಿ ತೋರಿಸಿದವರು ಯಾರು ಎಂಬುದೂ ಅವನಿಗೆ ಈಗ ತಿಳಿಯಿತು. ಅಷ್ಟೆತ್ತರದ ಆಳು ಆ ಕುರ್ಚಿಯಲ್ಲೇ ಗಳಗಳ ಅತ್ತುಬಿಟ್ಟ.

ಮರುದಿನ ಬೆಳಿಗ್ಗೆ ತಿಪ್ಪೇರುದ್ರಪ್ಪ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ಉಚ್ಚೆಂಗೆಪ್ಪ ಎದುರು ನಿಂತ.

"ಅವನ ಹಲ್ಲು ಕೀಳಿಸಿದ್ರಿ. ನನ್ನ ಹಲ್ಲು ಯಾಕ ಬ್ಯಾಡ ಅಂದ್ರಿ, ಉಸ್ತಾದ್ರ?"

ಮುದುಕ ಮೊದಲು ಸಿಡುಕಿದ, ಯಾರು ಹೇಳಿದ್ರಲೇ ಎಂದ. ಆಮೇಲೆ ತಲೆ ತಗ್ಗಿಸಿದ. ಕೊನೆಗೆ ದನಿ ಇಳಿಸಿ ಹೇಳಿದ:

"ಮಣ್ಣಿಗೆ ಇಳಿಯೋಕ ಮುಂಚೆ ಹುಡುಗ್ರು ಉಸ್ತಾದನ ಪಾದಕ್ಕ ಹಣಿ ಹಚ್ಚಬೇಕು. ನಮ್ಮಂಥೋರ ಮನಿ ಹುಡುಗ್ರು ನಿನ್ನ ಪಾದಕ್ಕ ಹಣಿ ಹಚ್ಚತಿದ್ರೇನಲೇ? ಮೊದಲನೇ ದಿನಾನ ಗರಡಿಗೆ ಕೀಲಿ ಬೀಳ್ತಿತ್ತು."

"ಹಂಗಂತ ಬಾಯಿಬಿಟ್ಟು ಹೇಳಿದ್ರ ಬಿಟ್ಟುಕೊಡ್ತಿದ್ದೆ. ಕುಸ್ತಿ ಯಾಕ ಇಡಸಿದ್ರಿ?"

"ನಿನಗ ಜಾತಿ ಅಡ್ಡ ಬಂತು ಅಂತ ನನ್ನ ಬಾಯಾಗ ಹ್ಯಾಂಗ ಹೇಳಲೋ? ನಾಕು ಮಂದ್ಯಾಗ ನನ್ನ ಮಾತು ಏನಾಗ್ತಿತ್ತು?" ಮುದುಕನ ಕಣ್ಣು ಒದ್ದೆಯಾಗಿತ್ತು. "ಸಿಟ್ಟಾಗಬ್ಯಾಡ ಮಗನ. ಇಬ್ಬರಾಗ ನೀನ ಛಲೋ ಪೈಲ್ವಾನ. ಅದು ನನಗ ಗೊತ್ತೈತಿ."

"ಗೊತ್ತಿದ್ದಕ್ಕ ಅಲ್ಲೇನ್ರಿ, ನನ್ನ ಹಲ್ಲು ಕೊಳೀಲಿ ಅಂದಿದ್ದು?" ಎಂದ ಉಚ್ಚೆಂಗೆಪ್ಪ. "ಇನ್ನ ಮ್ಯಾಲ ನನಗ ಮಗನ ಅನಬ್ಯಾಡ್ರಿ."

ತಿಪ್ಪೇರುದ್ರಪ್ಪ ಹಿಂದಿನಿಂದ ಎರಡು ಸಲ ಕೂಗಿದ. ಉಚ್ಚೆಂಗೆಪ್ಪ ಕೇಳಿಸಿಕೊಂಡ, ಆದರೆ ನಿಲ್ಲಲಿಲ್ಲ.