ಓಟಕ್ಕೊಂದು ಮಣಿ

ಗಡಹಿಂಗ್ಲಜದ ಮೈದಾನದ ಕಟ್ಟೆಯ ಮೇಲೆ ಜಿನಮತಿ ಜಪಮಾಲೆ ಹಿಡಿದು ಕೂತರೆ ಯಾರೂ ಏನೂ ಕೇಳುತ್ತಿರಲಿಲ್ಲ. ಕೊಲ್ಲಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದರೂ ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ. ಫುಟ್‌ಬಾಲ್ ತಂಡದ ಕ್ಯಾಪ್ಟನ್ ಕಾಕಾಸಾಹೇಬನ ತಂಗಿ. ಅಣ್ಣ ಗೆಲ್ಲಲೆಂದು ಜೈನರ ಣಮೋಕಾರ ಮಂತ್ರ ಜಪಿಸುತ್ತಾಳೆ ಎಂದು ಊರು ತಾನೇ ತೀರ್ಮಾನಿಸಿತ್ತು. ಅವಳೂ ತಿದ್ದಲು ಹೋಗಿರಲಿಲ್ಲ.

ಅರವತ್ತೊಂದನೇ ಇಸವಿಯ ಒಂದು ಭಾನುವಾರ ತಂಡ ಸೆಮಿಫೈನಲ್ ಗೆದ್ದಿತು. ಸಂಜೆ ಆಟಗಾರರೆಲ್ಲ ಕಾಕಾಸಾಹೇಬನ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು.

"ಜಿನಮತಿ ಜಪಾ ಫಲಾ ಕೊಟ್ಟತು ನೋಡ್ರಿ" ಎಂದ ಗೋಲ್‌ಕೀಪರ್ ಜಿನದತ್ತ.

ಕಾಕಾಸಾಹೇಬ ನಗಲಿಲ್ಲ. "ಗೆದ್ದೇವಿ ಖರೆ. ಆದ್ರ ಆ ಯಲಗೂರಪ್ಪ ಎರಡನೇ ಹಾಫ್‌ನ್ಯಾಗ ಸೊಂಟದ ಮ್ಯಾಲ ಕೈ ಇಟಗೊಂಡ ನಿಂತಿದ್ದ, ಲಗ್ನಕ್ಕ ಬಂದ ಬೀಗರಂಗ! ಮೈಗಳ್ಳ. ಫೈನಲ್‌ಗೆ ಅಂವ ಬ್ಯಾಡ. ಮುಂಜಾನೆ ಇಚಲಕರಂಜಿ ಎಸ್‌ಟಿ ಬಸ್ಸಿಗೆ ಚೀಟಿ ಕಳಸ್ತೇನಿ."

ಯಲಗೂರಪ್ಪ ಇಚಲಕರಂಜಿಯಲ್ಲಿ ಪವರ್‌ಲೂಮ್ ಮಗ್ಗದ ಮೇಲೆ ದುಡಿಯುವವನು. ವಾರಕ್ಕೆ ಸಿಗುವ ಒಂದು ರಜೆಯನ್ನೂ ಈ ಆಟಕ್ಕೇ ಸುರಿಯುತ್ತಿದ್ದ. ಪಂದ್ಯ ಮುಗಿದದ್ದೇ ಬಸ್ಸು ಹಿಡಿದಿದ್ದ. ತನ್ನ ಪರವಾಗಿ ಒಂದು ಮಾತಾಡಲೂ ಅವನು ಅಲ್ಲಿರಲಿಲ್ಲ.

ಒಳಬಾಗಿಲ ಮರೆಯಲ್ಲಿ ನಿಂತು ಜಿನಮತಿ ಎಲ್ಲ ಕೇಳಿಸಿಕೊಂಡಳು. ಸತ್ಯ ಏನೆಂಬುದು ಅವಳ ಕೈಯಲ್ಲಿದ್ದ ಡೈರಿಯಲ್ಲಿತ್ತು. ಇವತ್ತು ಸುಮ್ಮನಿದ್ದರೆ ಬೆಳಗಾಗುವಷ್ಟರಲ್ಲಿ ಚೀಟಿ ಹೋಗುತ್ತದೆ. ಡೈರಿಯನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿದಳು.

"ಅಣ್ಣಾ, ನಾ ಜಪಾ ಮಾಡಿಲ್ಲ."

ಕಾಕಾಸಾಹೇಬ ಚಹಾದ ಕಪ್ಪು ಕೆಳಗಿಟ್ಟ.

"ಮತ್ತ ಮಾಲಿ ಯಾಕ ಹಿಡದಿದ್ದಿ?"

"ಎಣಸಾಕ. ಓಡಿಕೋತ ಮೈದಾನದ ನಡುಗೆರಿ ದಾಟಿದ್ರ ಒಂದ ಮಣಿ. ಒಂದ ಮ್ಯಾಚಿಗೆ ಒಬ್ಬಾಂವಂದ."

ಮೂಲೆಯಲ್ಲಿದ್ದ ಅಜ್ಜಿ ಹೌಹಾರಿದಳು. "ಅಯ್ಯ ನನ್ನವ್ವ! ಭಗವಂತನ ಮಾಲಿಯೊಳಗ ಗಂಡಸರ ಕಾಲ ಎಣಿಸಿದಿ?"

ಜಿನಮತಿ ತಲೆ ಎತ್ತಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಡೈರಿ ತೆರೆದು ಓದಿದಳು. "ಇವತ್ತ ಯಲಗೂರಪ್ಪಂದು. ಮೊದಲನೇ ಹಾಫ್‌ನ್ಯಾಗ ತೊಂಬತ್ತೊಂದ."

"ಇರಲಿ. ಉಳದವರೂ ಓಡತಾರ" ಎಂದ ಕಾಕಾಸಾಹೇಬ.

"ಹೋದ ವಾರ ಮೊದಲನೇ ಹಾಫ್‌ನ್ಯಾಗ ನಿಂದ ಎಣಿಸಿದ್ದೆ."

"ಎಷ್ಟ?"

"ಮೂವತ್ತನಾಕ."

ಜಿನದತ್ತನಿಗೆ ಚಹಾ ನೆತ್ತಿಗೇರಿತು. ಕಾಕಾಸಾಹೇಬನ ಕಿವಿ ಕೆಂಪಾದವು. "ನೀ ಮುಂದ ಹೋದಾಂವ ಹೊಳ್ಳಿ ಬರೂದಿಲ್ಲ ಅಣ್ಣಾ" ಎಂದಳು ಜಿನಮತಿ. "ನಿನ್ನ ಜಾಗಾನೂ ಅಂವನ ಕಾಯತಾನ. ಇಬ್ಬರ ಓಟಾ ಒಬ್ಬಾಂವ ಓಡಿದ್ರ ಎರಡನೇ ಹಾಫ್‌ಗೆ ಉಸರ ಎಲ್ಲಿ ಉಳೀತೈತಿ?"

ಅಣ್ಣ ಡೈರಿ ಇಸಿದುಕೊಂಡು ಪುಟಗಳನ್ನು ಮುಂದೆ ಹಿಂದೆ ತಿರುವಿ ನೋಡಿದ. ಕೊನೆಗೆ, "ಚೀಟಿ ಬ್ಯಾಡ" ಎಂದ. "ಫೈನಲ್‌ದಾಗ ನಂದೂ ಎಣಸು."

ಅಜ್ಜಿ ಗೊಣಗುತ್ತಲೇ ಎದ್ದು ದೇವರ ಕೋಣೆಯಿಂದ ಇನ್ನೊಂದು ಮಾಲೆ ತಂದಳು. "ತಗೋ. ಒಂದರಾಗ ಇಬ್ಬರನ್ನ ಎಣಿಸಿದ್ರ ಲೆಕ್ಕಾ ತಪ್ಪತೈತಿ."

ಮುಂದಿನ ಭಾನುವಾರ ಕೊಲ್ಲಾಪುರದಲ್ಲಿ ಫೈನಲ್. ಜಿನಮತಿಯ ಎರಡು ಕೈಗೆ ಎರಡು ಮಾಲೆ. ಒಂದು ಒಂದು ಗೋಲು ಸಮ, ಹತ್ತೇ ನಿಮಿಷ ಬಾಕಿ. ಯಲಗೂರಪ್ಪನ ಕೈ ಇನ್ನೂ ಸೊಂಟಕ್ಕೆ ಹೋಗಿರಲಿಲ್ಲ. ಬಲಬದಿಯ ಗೆರೆಯುದ್ದಕ್ಕೂ ಗಾಳಿಯಂತೆ ಓಡುತ್ತಿದ್ದ. ಬೆವರಲ್ಲಿ ತೊಯ್ದ ಕಾಕಾಸಾಹೇಬ ಚೆಂಡು ತರಲು ತಂಗಿ ಕೂತಿದ್ದ ಕಡೆಯ ಗೆರೆಯ ಹತ್ತಿರ ಬಂದು ಏದುಸಿರಿನಲ್ಲೇ ಕೇಳಿದ:

"ಎಷ್ಟಾತು?"

ಸುತ್ತ ಸಾವಿರ ಗಂಡಸರಿದ್ದರು. ಜಿನಮತಿ ಎದ್ದು ನಿಂತು ಕೂಗಿದಳು:

"ಅಂವಂದ ನೂರಾ ಎರಡ, ನಿಂದ ತೊಂಬತ್ತೆಂಟ! ಓಡಣ್ಣಾ!"