ಒತ್ತು ನಂದ್ರಿ

ನನ್ನ ಹೆಂಡತಿ ದ್ಯಾಮಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು. ಯಾರ ಮುಂದೆಯೂ ಹೇಳಿಲ್ಲ. ಆದರೂ ಹೊಸಪೇಟೆಯ ಪೇಂಟರುಗಳಿಗೆಲ್ಲ ಗೊತ್ತು.

ಹದಿನೆಂಟು ವರ್ಷದಿಂದ ಇಬ್ಬರೂ ಗೋಡೆ ಬರೆಯುತ್ತಿದ್ದೇವೆ. ಹೊಸಪೇಟೆ, ಸಂಡೂರು, ಕಂಪ್ಲಿ, ಎಲ್ಲಿ ನೋಡಿದರೂ ಮೂಲೆಯಲ್ಲಿ ‘ಜಡೆಪ್ಪ ಆರ್ಟ್ಸ್’ ಎಂದಿರುತ್ತದೆ. ಜಡೆಪ್ಪ ಅಂದರೆ ನಾನು. ಏಣಿಯ ಮೇಲೆ ನಿಂತು ಅಕ್ಷರ ಎಳೆಯುತ್ತೇನೆ. ಒತ್ತಕ್ಷರ ಕೆಳಗೆ ಬರುತ್ತದಲ್ಲ, ಅದಕ್ಕೆಂದು ಪ್ರತಿ ಸಲ ಬಗ್ಗಿದರೆ ಏಣಿ ಜಾರುತ್ತದೆ. ಹಾಗಾಗಿ ಆ ಜಾಗ ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಕೆಳಗೆ ಸ್ಟೂಲಿನ ಮೇಲೆ ನಿಂತ ದ್ಯಾಮಕ್ಕ ಸಣ್ಣ ಬ್ರಷ್ಷಿನಲ್ಲಿ ಒತ್ತು ಕೊಡುತ್ತಾಳೆ. ತಲೆಗೆ ಒಂದು ಹಳೆಯ ಟವೆಲ್ ಸುತ್ತಿರುತ್ತಾಳೆ. “ಕುಸ್ತಿಗೆ ಹೊಂಟೀಯೇನಬೇ?” ಎಂದು ಕಾಡಿಸುತ್ತಿದ್ದೆ. ಅವಳು ನಕ್ಕು ಮತ್ತೆ ಬ್ರಷ್ ಅದ್ದುತ್ತಿದ್ದಳು.

ಈ ವರ್ಷ ಕಂಪ್ಲಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೋಡೆ ಬಂತು. ನೂರು ಅಡಿ ಉದ್ದ. ಗಂಡು ಹೆಣ್ಣು ಸಮ ಎಂದು ಹೇಳುವ ಚಿತ್ರ ಬೇಕಂತೆ. ಮೊದಲು ಹೊಸಪೇಟೆಯಲ್ಲಿ ಪೇಂಟರುಗಳಿಗೆ ಮೂರು ದಿನ ತರಬೇತಿ, ನಾಲ್ಕನೆಯ ದಿನ ಒಬ್ಬೊಬ್ಬರಿಗೆ ಒಂದೊಂದು ಗೋಡೆ ಕೊಟ್ಟು ಪರೀಕ್ಷೆ, ಗೆದ್ದ ಒಬ್ಬರ ಹೆಸರು ಮಾತ್ರ ಹಾಸ್ಟೆಲ್ಲಿನ ಗೋಡೆಗೆ. ಅದು ನನ್ನ ಹೆಸರೇ ಎಂದು ಚಹಾದಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ದ್ಯಾಮಕ್ಕನನ್ನು ಕರೆದುಕೊಂಡು ಹೋದದ್ದು ಬಣ್ಣದ ಡಬ್ಬಿ ಹೊರಲಿಕ್ಕೆ.

ತರಬೇತಿ ಕೊಡಲು ಬಂದವರು ಶೈಲಜಾ ಮೇಡಂ, ಚಿತ್ರಕಲೆಯ ಟೀಚರು. ಬೋರ್ಡಿನ ಮೇಲೆ ‘ಸಮತೋಲನ, ಅಳತೆ, ಒತ್ತು’ ಎಂದು ಬರೆದರು. ಆಮೇಲೆ ಪರದೆಯ ಮೇಲೆ ಒಂದು ಗೋಡೆಯ ಫೋಟೊ ಹಾಕಿದರು. ಸಂಡೂರಿನಲ್ಲಿ ನಾನೇ ಬರೆದ ಗಂಡ ಹೆಂಡತಿಯ ಚಿತ್ರ, ಮೇಲೆ ‘ನಮ್ಮ ಮನೆ’ ಎಂಬ ದಪ್ಪ ಅಕ್ಷರ! ಮೂಲೆಯ ಹೆಸರು ಫೋಟೊದಲ್ಲಿ ಬಿದ್ದಿರಲಿಲ್ಲ. ನಾನು ಎದೆ ಸೆಟೆಸಿ ಕೂತೆ.

“ಇದರಲ್ಲಿ ಒತ್ತು ಯಾರದು?” ಎಂದು ಮೇಡಂ ಕೇಳಿದರು.

ದ್ಯಾಮಕ್ಕ ಎದ್ದು ನಿಂತಳು. “ನಂದ್ರಿ. ಇವರು ಅಕ್ಷರ ಬರೀತಾರ, ಒತ್ತು ನಂದು.”

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಮೇಡಂ ನಗಲಿಲ್ಲ. “ನಾನು ಕೇಳಿದ್ದು, ನೋಡಿದ ಕೂಡಲೆ ಕಣ್ಣು ಯಾರ ಮೇಲೆ ಬೀಳುತ್ತದೆ ಅಂತ. ನೀವೇ ಹೇಳಿ, ಏನು ಕಾಣುತ್ತದೆ?”

“ಗಂಡಸು ಬಾಗಲಕ್ಕಿಂತ ಎತ್ತರ ಅದಾನ್ರಿ. ಆ ಮನಿಯಾಗ ಅವನು ಒಳಗ ಹೆಂಗ ಹೋಗ್ತಾನ? ಹೆಂಗಸು ಹಿಂದ ನಿಂತಾಳ. ಆಕಿಗೆ ಕೈನ ಇಲ್ಲ, ಸೆರಗಿನಾಗ ಮುಚ್ಚಿಬಿಟ್ಟಾರ.”

ಬೆರಳು ಬರೆಯಲು ನನಗೆ ಬರುವುದಿಲ್ಲ. ಅದಕ್ಕೇ ಸೆರಗು ಹೊದಿಸುವುದು. ಈ ಗುಟ್ಟು ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮೇಡಂ ಚಪ್ಪಾಳೆ ತಟ್ಟಿದರು. ಮರುದಿನ ಹಂಪಿಗೆ ಕರೆದೊಯ್ದು, ಕಲ್ಲಿನ ಮೇಲಿನ ಗಂಡಸರು ಎಷ್ಟೆತ್ತರ, ಹೆಂಗಸರು ಎಷ್ಟೆತ್ತರ ಎಂದು ಅಳೆಸಿದರು. ದಾರಿಯುದ್ದಕ್ಕೂ ದ್ಯಾಮಕ್ಕನ ಪಕ್ಕದಲ್ಲೇ ನಡೆದರು. ಇಬ್ಬರ ನೀರಿನ ಬಾಟಲಿ ಹಿಡಿದು ಹಿಂದೆ ಹೋದವನು ನಾನು. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ. ನಾನು ಮನೆಯಲ್ಲೇ ಸೋಲುವ ಹಾಗಿತ್ತು.

ಮೂರನೆಯ ದಿನ ಮೇಡಂ ಅವಳ ಹೆಸರನ್ನೂ ಪರೀಕ್ಷೆಗೆ ಸೇರಿಸಿದರು. ಆಟೋದಲ್ಲಿ ಬರುವಾಗ ನಾನೇ ಬಾಯಿಬಿಟ್ಟೆ. “ನಾಳೆ ನನ್ನ ಗ್ವಾಡಿ ಕಡೆ ಬರಬ್ಯಾಡ. ನಂದು ನಾ ಮಾಡ್ಕೊಂತೀನಿ.”

“ಒಬ್ಬರಿಗೇ ಆಗ್ತದೇನ್ರಿ?”

“ನೀ ಬರೂಕಿಂತ ಮೊದಲ ನಾ ಪೇಂಟರ್ ಇರ್ಲಿಲ್ಲೇನು?”

ಅವಳು ಚೀಲ ಬಿಚ್ಚಿ ಬ್ರಷ್ಷುಗಳನ್ನು ಎರಡು ಪಾಲು ಮಾಡಿದಳು.

ಪರೀಕ್ಷೆಯ ದಿನ ಎಲ್ಲರಿಗಿಂತ ಮೊದಲು ಮುಗಿಸಿದೆ. ವಿಮಾನ ಓಡಿಸುವ ಹುಡುಗಿ, ಕೆಳಗೆ ಆಳುದ್ದ ಅಕ್ಷರದಲ್ಲಿ ಘೋಷಣೆ. ಏಣಿ ಇಳಿದು, ಬ್ರಷ್ ತೊಳೆದು, ಚಹಾ ಕುಡಿಯುತ್ತ ಕಾಲ ಮೇಲೆ ಕಾಲು ಹಾಕಿ ಕೂತೆ. ಏಣಿ ಇಳಿದರೆ ನನ್ನ ಕೆಲಸ ಮುಗಿಯಿತು, ಹದಿನೆಂಟು ವರ್ಷದ ರೂಢಿ.

ಹಾಸ್ಟೆಲ್ ವಾರ್ಡನ್ ರೇಣುಕಮ್ಮ ಗೋಡೆಯ ಮುಂದೆ ನಿಂತು ಗಟ್ಟಿಯಾಗಿ ಓದಿದರು. “ಹೆಣು ಕಲಿತರೆ ಊರೆಲ ಬೆಳಕು. ಇದೇನ್ರಿ ಜಡೆಪ್ಪ, ಹೆಣಕ್ಕ ಸಾಲಿ ಕಲಸ್ತೀರೇನು?”

ಒಂದೇ ಒಂದು ಒತ್ತಿರಲಿಲ್ಲ. ‘ಹೆಣ್ಣು’ ನನ್ನ ಕೈಯಲ್ಲಿ ಹೆಣವಾಗಿತ್ತು. ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ದ್ಯಾಮಕ್ಕ ಮಾತ್ರ ನಗಲಿಲ್ಲ. ಅವಳೂ ನಕ್ಕಿದ್ದರೆ ನಾನು ಬೈದಾದರೂ ಹಗುರಾಗುತ್ತಿದ್ದೆ.

ಆಮೇಲೆ ಅವಳ ಗೋಡೆ ನೋಡಿದೆ. ಮೇಲಂಚಿನಲ್ಲಿ ಏಣಿಯ ಮೇಲೆ ನಿಂತ ಗಂಡಸಿನ ಎರಡು ಪಾದ, ಅಷ್ಟೇ. ಗೋಡೆಯೆಲ್ಲ ತುಂಬಿ ನಿಂತವಳು ಕೆಳಗಿನ ಹೆಂಗಸು. ಕೈಯ ಐದು ಬೆರಳೂ ಎಣಿಸುವ ಹಾಗಿದ್ದವು, ಬೆರಳ ನಡುವೆ ಸಣ್ಣ ಬ್ರಷ್. ಪಾದ ನನ್ನವೇ. ಹೆಬ್ಬೆರಳಿನ ಸೀಳಿದ ಉಗುರನ್ನೂ ಬಿಟ್ಟಿರಲಿಲ್ಲ. ಚಿತ್ರ ಚೆನ್ನಾಗಿತ್ತು, ಅದೇ ಸಂಕಟ. ಕೆಟ್ಟದಾಗಿದ್ದರೆ ನಾನೇ ಮೊದಲು ಹೊಗಳುತ್ತಿದ್ದೆ.

ಹಾಸ್ಟೆಲ್ಲಿನ ಗೋಡೆ ಅವಳಿಗೇ ಸಿಕ್ಕಿತು.

ಕಂಪ್ಲಿಗೆ ಏಣಿ ಹೊತ್ತವನು ನಾನು. ಹನ್ನೆರಡು ದಿನ ಅವಳು ಮೇಲೆ, ನಾನು ಕೆಳಗೆ ಸ್ಟೂಲಿನ ಮೇಲೆ. ಕೊನೆಯ ದಿನ ಮೂಲೆಯಲ್ಲಿ ಹೆಸರು ಬರೆಯಲು ಏಣಿ ಹತ್ತಿದಳು. ‘ಜಡೆಪ್ಪ’ ಎಂದು ಬರೆದಾಳೇನೋ ಎಂದು ಒಂದು ಗಳಿಗೆ ಆಸೆಪಟ್ಟೆ. ಅವಳು ‘ದಾಮಕ’ ಎಂದು ಬರೆದು ನಿಲ್ಲಿಸಿದಳು. ಯ ಒತ್ತು, ಕ ಒತ್ತು, ಎರಡೂ ನನ್ನ ಪಾಲಿಗೆ.

ಬಿಟ್ಟುಬಿಡಲೇ ಅನ್ನಿಸಿತು. ಹಾಗೇ ಇರಲಿ, ಓದಿದವರು ನಗಲಿ, ಅವಳಿಗೂ ಗೊತ್ತಾಗಲಿ. ಬ್ರಷ್ ಹಿಡಿದು ಕತ್ತೆತ್ತಿ ನಿಂತೇ ಇದ್ದೆ. ಮೇಲಿನಿಂದ ಒಂದು ಹನಿ ಬಣ್ಣ ನೆತ್ತಿಗೆ ಬಿತ್ತು, ಇನ್ನೊಂದು ಕಣ್ಣಿನ ಪಕ್ಕಕ್ಕೆ. ಉರಿ ಹತ್ತಿತು.

ದ್ಯಾಮಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಟವೆಲನ್ನು ಕೆಳಗೆ ಬಿಟ್ಟಳು. “ತಲಿಗೆ ಕಟ್ಕೊಳ್ರಿ.”

ನಾನು ಕುಸ್ತಿಯೆಂದು ನಗುತ್ತಿದ್ದ ಟವೆಲ್. ಬಿಡಿಸಿ ನೋಡಿದೆ. ಮೊದಲು ಯಾವ ಬಣ್ಣದ್ದಿತ್ತೋ ತಿಳಿಯಲಿಲ್ಲ. ಇದ್ದದ್ದೆಲ್ಲ ನಾನು ಮೇಲಿನಿಂದ ಚೆಲ್ಲಿದ ಬಣ್ಣ.

ಕಟ್ಟಿಕೊಂಡೆ. ಯ ಒತ್ತು ಕೊಟ್ಟೆ, ಕ ಒತ್ತು ಕೊಟ್ಟೆ, ‘ದ್ಯಾಮಕ್ಕ’ ಆಯಿತು. ಹೊಟ್ಟೆಕಿಚ್ಚು ಹೋಯಿತೆಂದು ಸುಳ್ಳು ಹೇಳಲಾರೆ. ಈಗಲೂ ಕಂಪ್ಲಿಗೆ ಹೋದಾಗ ಆ ಗೋಡೆಯ ಮುಂದೆ ನಿಲ್ಲುತ್ತೇನೆ. ಹೋಗಿಬರುವವರು ಆ ಹೆಸರು ಓದಿದರೆ, ಕೇಳದಿದ್ದರೂ ಹೇಳುತ್ತೇನೆ: “ಒತ್ತು ನಂದ್ರಿ.”