ಹಲ್ಲುಮೇಷ್ಟ್ರು ಹೇಳಿದ ಒಂದೇ ಸುಳ್ಳು

ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಹಲ್ಲು ನೋಡುವ ಮನುಷ್ಯರೆಂದರೆ ನಾನು ಕಂಡಂತೆ ಅವರೊಬ್ಬರೇ. ನಮಸ್ಕಾರ ಹೇಳಿದರೆ ಅವರ ದೃಷ್ಟಿ ನಮ್ಮ ತುಟಿಯ ಬಳಿ ಬಂದು ನಿಲ್ಲುತ್ತಿತ್ತು. ಅಪ್ಪಿತಪ್ಪಿ ನಕ್ಕೆವೋ, ದವಡೆಯ ಮೂಲೆಯವರೆಗೂ ಇಣುಕಿ ಬರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ವಾರಗಟ್ಟಲೆ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದರು. ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ನಮ್ಮ ಪ್ರಯೋಗಾಲಯ. ಅಲ್ಲಿ ಸಾವಿರಾರು ವರ್ಷಗಳ ಹಿಂದೆ ತೀರಿಕೊಂಡವರ ಹಲ್ಲು-ಎಲುಬುಗಳೊಡನೆ ಮೂವತ್ತು ವರ್ಷ ಸಂಸಾರ ಮಾಡಿದ ಅವರಿಗೆ ಹಲ್ಲುಮೇಷ್ಟ್ರು ಎಂದು ಯಾರು ಹೆಸರಿಟ್ಟರೋ, ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ತಲೆ ತಗ್ಗಿಸಿ, ನೆಲದಲ್ಲಿ ಏನನ್ನೋ ಬೀಳಿಸಿಕೊಂಡವರ ಹಾಗೆ ನಡೆಯುತ್ತಿದ್ದರು. ಅವರ ಬಿಳಿ ಕೋಟಿನ ಗುಂಡಿಗಳಲ್ಲಿ ಒಂದಕ್ಕೆ ನೀಲಿ ದಾರ, ಇನ್ನೊಂದಕ್ಕೆ ಹಸಿರು; ಕಣ್ಣು ಮಂಜಾದ ಮೇಲೂ ಹೊಲಿಗೆಯನ್ನು ಬೇರೆಯವರಿಗೆ ಬಿಟ್ಟುಕೊಡದ ಅವರಮ್ಮನ ಕೈಕೆಲಸ. ನಾವು ಛೇಡಿಸಿದರೆ, "ನಮ್ಮಮ್ಮ ಹೊಲಿದದ್ದು" ಎಂದು ಬೀಗುತ್ತಿದ್ದರು. ಯಾವ ಪ್ರಶ್ನೆ ಕೇಳಿದರೂ ಉತ್ತರದ ಬಾಲಕ್ಕೆ "ಇಷ್ಟೇ ಹೇಳಬಹುದು" ಎಂದು ಸೇರಿಸುವುದು ಅವರ ಚಾಳಿ. ಮಳೆ ಬರುತ್ತಾ ಸಾರ್ ಎಂದರೂ, "ಮೋಡ ಇದೆ. ಇಷ್ಟೇ ಹೇಳಬಹುದು."

ಮಣ್ಣಿನ ಗುಣ ನೀರಿಗೆ, ನೀರಿನ ಗುಣ ಬೆಳೆಗೆ, ಬೆಳೆಯ ಗುಣ ಉಂಡವರ ಮೈಗೆ. ಹಲ್ಲಿನ ಹೊರಪದರ ಎಳವೆಯಲ್ಲಿ ಒಮ್ಮೆ ಗಟ್ಟಿಯಾದರೆ ಮುಗಿಯಿತು, ಮತ್ತೆ ಬದಲಾಗದು. ಎಲುಬು ಮಾತ್ರ ವರ್ಷಗಳುದ್ದಕ್ಕೂ ಮೆಲ್ಲಮೆಲ್ಲನೆ ಹೊಸದಾಗುತ್ತಿರುತ್ತದೆ. ಚಿಟಿಕೆ ಪುಡಿ ಕೊರೆದು, ಆಮ್ಲದಲ್ಲಿ ಕರಗಿಸಿ, ಅದರೊಳಗಿನ ಸ್ಟ್ರಾನ್ಷಿಯಂ ಧಾತುವಿನ ಎರಡು ಬಗೆಗಳ ಅನುಪಾತವನ್ನು ಯಂತ್ರದಲ್ಲಿ ಅಳೆದು, ಊರೂರಿನ ಮಣ್ಣಿನ ಅಂಕಿಗಳೊಡನೆ ತಾಳೆ ನೋಡುವುದು ನಮ್ಮ ಕಸುಬು. "ಹಲ್ಲು ಹುಟ್ಟಿದೂರು ಹೇಳುತ್ತೆ, ಎಲುಬು ಬಾಳಿದೂರು ಹೇಳುತ್ತೆ" ಎಂಬುದು ಮೇಷ್ಟ್ರ ಮೊದಲ ಪಾಠ. ಒಮ್ಮೆ ಪುರಾತನ ಗೋರಿಯೊಂದರ ಹೆಣ್ಣುಮಗಳ ಹಲ್ಲು ದೂರದ ಬೆಟ್ಟಸೀಮೆಯದು, ಎಲುಬು ಇಲ್ಲಿಯದೇ ಎಂದು ಬಂತು.

"ಮದುವೆ ಆಗಿ ಬಂದಿರ್ತಾಳೆ ಬಿಡಿ ಸಾರ್," ಎಂದೆ.

ಮೇಷ್ಟ್ರು ಸಿಡುಕಿದರು. "ಬಂದ್ಳು ಅಂತ ಹಲ್ಲು ಹೇಳ್ತು. ಯಾಕೆ ಬಂದ್ಳು, ಯಾರು ಕರ್ಕೊಂಡು ಬಂದ್ರು ಅಂತ ಹೇಳ್ತಾ? ಇಷ್ಟೇ ಹೇಳಬಹುದು." ಆ ಸಿಟ್ಟಿನ ಬೇರು ನನಗೆ ತಿಳಿದದ್ದು ಅವರಮ್ಮ ತೀರಿಕೊಂಡ ಮೇಲೆ.

ಹದಿನೈದು ದಿನದ ರಜೆ ಮುಗಿಸಿ ಬಂದವರು, ಕೊರೆಯುವ ಯಂತ್ರವನ್ನು ಕೈಯಲ್ಲಿ ಸುಮ್ಮನೆ ಹಿಡಿದುಕೊಂಡು ಹೇಳಿದರು. ವಿದ್ಯಾರ್ಥಿಯಾಗಿದ್ದಾಗ, ಇದೇ ಊರಿನಲ್ಲಿ ಹುಟ್ಟಿದವರದೆಂದು ಖಚಿತವಾಗಿ ಗೊತ್ತಿರುವ ಹಲ್ಲೊಂದು ಅವರಿಗೆ ಬೇಕಾಗಿತ್ತಂತೆ, ಮಿಕ್ಕವನ್ನು ಅದರ ಪಕ್ಕದಲ್ಲಿಟ್ಟು ತೂಗಿನೋಡಲು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೇಕೆ ಎಂದು, ಅಮ್ಮ ಸೂಜಿದಾರದ ಡಬ್ಬಿಯಲ್ಲಿ ಜೋಪಾನ ಮಾಡಿದ್ದ ತಮ್ಮ ಹಾಲುಹಲ್ಲನ್ನೇ ಕೇಳಿದರು. ಅಮ್ಮ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿ ಕೇಳಿದರಂತೆ.

"ಇದರಲ್ಲಿ ಎಲ್ಲಾ ಗೊತ್ತಾಗುತ್ತೇನೋ?"

"ಗೊತ್ತಾಗುತ್ತಮ್ಮ."

ಆಮೇಲೆ ಕೊಟ್ಟರು.

ಹಾಲುಹಲ್ಲು ರೂಪುಗೊಳ್ಳತೊಡಗುವುದು ಗರ್ಭದಲ್ಲೇ. ಹೆತ್ತವಳು ಕುಡಿದ ನೀರೇ ಅದರ ನೀರು. ಯಂತ್ರ ಕೊಟ್ಟ ಅಂಕಿ ಈ ಊರಿನದಾಗಿರಲಿಲ್ಲ. ಮೂರು ಸಲ ಅಳೆದರು, ಮೂರು ಸಲವೂ ಅದೇ. ಹುಟ್ಟಿದಾರಭ್ಯ ಈ ಊರಿನಿಂದ ಕದಲದ ಅಮ್ಮ, ಇದೇ ಬಾವಿಯ ನೀರು ಕುಡಿದು ನಿನ್ನನ್ನು ಹೆತ್ತೆ ಎಂದು ನೂರು ಸಲ ಹೇಳಿದ ಅಮ್ಮ, ಅವರನ್ನು ಹೆತ್ತಿರಲಿಲ್ಲ. ಸಂಜೆ ಮನೆಗೆ ಹೋದಾಗ ಆಕೆ ಬಾಗಿಲಲ್ಲೇ ನಿಂತಿದ್ದರು.

"ಏನಂತಪ್ಪ ನಿನ್ನ ಹಲ್ಲು?"

"ಇದೇ ಊರಿಂದಮ್ಮ. ಇನ್ನೆಲ್ಲಿಂದ ಬರುತ್ತೆ?"

"ಹೌದಾ," ಎಂದು ಅಮ್ಮ ಒಳಗೆ ಹೋದರು. ಮುಂದೆ ಮೂವತ್ತು ವರ್ಷ ಆ ಮಾತು ಆ ಮನೆಯಲ್ಲಿ ಬರಲಿಲ್ಲ. ಆಕೆಯ ಮನಸ್ಸು ನೋಯಿಸಲಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ ಮೇಷ್ಟ್ರು ತಮ್ಮ ದುಃಖವನ್ನು ನುಂಗಿಕೊಂಡಿದ್ದರು.

ಸಾವಿಗೆ ಬಂದ ಬಂಧುಗಳೆಲ್ಲ ಹೊರಟ ಮೇಲೆ ಅಮ್ಮನ ತಂಗಿ ಆ ಡಬ್ಬಿ ತಂದು ಮುಂದಿಟ್ಟರು. ಒಳಗೆ ಅಂದು ಮೇಷ್ಟ್ರು ಹಿಂದಿರುಗಿಸಿದ್ದ, ಅರ್ಧ ಕೊರೆದ ಹಲ್ಲು.

"ಅಕ್ಕನಿಗೆ ತಾನಾಗಿ ಹೇಳೋ ಧೈರ್ಯ ಇರಲಿಲ್ಲ ಕಣೋ," ಎಂದರಂತೆ ಚಿಕ್ಕಮ್ಮ. "ಹಲ್ಲಾದ್ರೂ ಹೇಳ್ಲಿ, ಅವನೇ ಬಂದು ಕೇಳ್ಲಿ, ಹೆತ್ತವಳು ಯಾರು, ಎಲ್ಲಿಯವಳು ಎಲ್ಲಾ ಹೇಳಿಬಿಡ್ತೀನಿ ಅಂತ ಕಾದಿದ್ಳು. ನೀನು ಇದೇ ಊರು ಅಂದೆ. ಹಲ್ಲಿಗೂ ಗೊತ್ತಾಗಲಿಲ್ಲ ಅಂತ ಸುಮ್ಮನಾದ್ಳು. ಹೆತ್ತವಳು ಯಾರು ಅಂತ ನನಗೂ ಹೇಳಲಿಲ್ಲ."

"ಗೊತ್ತಾಯ್ತಮ್ಮ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು," ಎಂದು ಮೇಷ್ಟ್ರು ನನ್ನೆದುರೇ ಅತ್ತರು. ನಾನು ಅವರ ಪಾಠವನ್ನೇ ಅವರಿಗೆ ಒಪ್ಪಿಸಿದೆ. "ಹಲ್ಲು ಯಾರದಾದ್ರೂ ಆಗಲಿ ಸಾರ್, ಎಲುಬೆಲ್ಲಾ ಅಮ್ಮನ ಕೈಯಡುಗೆದೇ ಅಲ್ವಾ?"

ಅವರು ತಮ್ಮ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡರು. "ಹೌದು. ಎಲುಬು ಅವಳದೇ." ಆ ದಿನ ಅದರ ಬಾಲಕ್ಕೆ ಏನನ್ನೂ ಸೇರಿಸಲಿಲ್ಲ.

ಸತ್ತವರ ಬಾಯಿಂದ ಮಾತು ಹೊರಡಿಸುವ ಜನ ಬದುಕಿದ್ದವರ ಮುಂದೆ ಮೂಕರಾಗುವುದನ್ನು ಆಮೇಲೂ ಕಂಡಿದ್ದೇನೆ. ಪ್ರೀತಿ ಸಾಲದೆ ಅಲ್ಲ, ಪ್ರೀತಿ ಹೆಚ್ಚಾಗಿಯೇ ಅವರ ಬಾಯಿ ಕಟ್ಟುತ್ತದೆ. ಗೋರಿಯೊಳಗಿನವರು ಕೇಳುವವರಿಗಾಗಿ ಇನ್ನೂ ಸಾವಿರ ವರ್ಷ ಕಾದಾರು, ಆ ತಾಳ್ಮೆಗೆ ಒಗ್ಗಿಹೋದ ಇಂಥವರಿಗೆ ಬಾಗಿಲಲ್ಲಿ ನಿಂತ ಅಮ್ಮ ಅಷ್ಟು ದಿನ ಕಾಯಲಾರಳು ಎಂಬುದು ಹೊಳೆಯುವುದೇ ಇಲ್ಲ.